ವೆಲಾಂಟಿ ನಡೆಸಿದ ಅಂಬ್ರಪ್ಪ

ಶಹಾಪುರದಲ್ಲಿ ಕಾರು ಇದ್ದವರು ಕಾರಿನ ಬಗ್ಗೆ ಮಾತಾಡುತ್ತಿರಲಿಲ್ಲ. ಅವರಿಗೆ ಟೈರು, ಡೀಸೆಲ್ಲು, ಡ್ರೈವರನ ರಜೆ ಎಂದು ಬೇರೆ ಚಿಂತೆಗಳಿದ್ದವು. ಕಾರಿನ ಬಗ್ಗೆ ಮನಸ್ಸು ಬಿಚ್ಚಿ ಮಾತಾಡುತ್ತಿದ್ದವರು ಕಾಲುವೆ ಕಚೇರಿಯ ಎದುರಿಗಿದ್ದ ಫಕೀರಸಾಬನ ಚಹಾದಂಗಡಿಯ ಗಿರಾಕಿಗಳು. ಅವರಲ್ಲಿ ಒಬ್ಬರ ಬಳಿಯೂ ಕಾರಿರಲಿಲ್ಲ. ಆದ್ದರಿಂದ ಅವರ ಅಭಿಪ್ರಾಯಗಳಿಗೆ ಯಾವ ಅಡ್ಡಿಯೂ ಇರಲಿಲ್ಲ.

ಇದು ಮೊಬೈಲು ಬರುವುದಕ್ಕೂ ಯಾದಗಿರಿ ಜಿಲ್ಲೆಯಾಗುವುದಕ್ಕೂ ಮೊದಲಿನ ಮಾತು. ಕಾಲುವೆಗೆ ನೀರು ಬಂದು ಹತ್ತು ಹನ್ನೆರಡು ವರ್ಷವಾಗಿತ್ತು. ನೀರು ಬಂದ ಮೇಲೆ ಊರಿನ ಜನಕ್ಕೆ ಮಳೆಯ ಬಗ್ಗೆ ಮಾತಾಡುವ ಅಗತ್ಯ ಕಡಿಮೆಯಾಗಿ, ಬೇರೆ ವಿಷಯಗಳಿಗೆ ಜಾಗ ಸಿಕ್ಕಿತ್ತು.

ಚರ್ಚೆಯ ಹಿರಿಯರು ಭಗವಂತರಾಯ ಮಾಸ್ತರರು. ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಿದ್ದರು. ಹೈದರಾಬಾದಿನಲ್ಲಿದ್ದ ಅವರ ಭಾವಮೈದುನ ತಾನು ಓದಿ ಮುಗಿಸಿದ ಕಾರುಗಳ ಮಾಸಪತ್ರಿಕೆಯನ್ನು ಅಂಚೆಯಲ್ಲಿ ಕಳಿಸುತ್ತಿದ್ದ. ಅದು ಬರುವಷ್ಟರಲ್ಲಿ ಎರಡು ತಿಂಗಳು ಹಳತಾಗಿರುತ್ತಿತ್ತು. ಆದರೆ ಶಹಾಪುರಕ್ಕೆ ಅದಕ್ಕಿಂತ ಹೊಸ ಸುದ್ದಿ ತರುವವರು ಯಾರೂ ಇರಲಿಲ್ಲ. ಆ ಸಲದ ಸಂಚಿಕೆಯ ಮುಖಪುಟದಲ್ಲೇ ಆಘಾತ ಕಾದಿತ್ತು. ಇಟಲಿಯ ವೆಲಾಂಟೆ ಎಂಬ ಕಾರನ್ನು ಹನ್ನೊಂದು ವರ್ಷಗಳ ಬಳಿಕ ಕಂಪನಿಯವರು ಪೂರ್ತಿ ಬದಲಾಯಿಸಿದ್ದರು. ಶಹಾಪುರದಲ್ಲಿ ಅದನ್ನು ವೆಲಾಂಟಿ ಎನ್ನುತ್ತಿದ್ದರು.

“ಮುಖಾನೇ ತಗದುಬಿಟ್ಟಾರ,” ಎಂದು ಮಾಸ್ತರರು ಪತ್ರಿಕೆಯನ್ನು ಬೆಂಚಿನ ಮೇಲೆ ಇಟ್ಟರು. ಮನೆಯಲ್ಲಿ ಯಾರಿಗೋ ಹುಷಾರಿಲ್ಲದವರ ಧ್ವನಿ ಅವರದು. “ಮೊದಲಿನದಕ್ಕ ದುಂಡನ ಕಣ್ಣಿದ್ವು. ನೋಡಿದ್ರ ಮಾತಾಡಸಬೇಕು ಅನಸ್ತಿತ್ತು. ಈಗ ನೋಡ್ರಿ, ಅರ್ಜಿ ಓದೋ ತಹಶೀಲ್ದಾರನ ಕಣ್ಣಾಗ್ಯಾವ.”

“ಕಣ್ಣಿನ ಮಾತು ಬಿಡ್ರಿ ಮಾಸ್ತರ,” ಎಂದ ನಬಿಸಾಬ. ಅವನು ಪಕ್ಕದ ಗ್ಯಾರೇಜಿನಲ್ಲಿ ಟ್ರ್ಯಾಕ್ಟರು, ಪಂಪಸೆಟ್ಟು ರಿಪೇರಿ ಮಾಡುವವನು. “ಇಂಜಿನ್ ಎಲ್ಲದ? ಇನ್ನೂ ಮುಂದೇ ಅದ. ಕ್ರೋನ್‌ಬರ್ಗಾಕ್ಕ ಹಿಂದ ಅದ. ಮುಂದ ನಿಂತು ಎಳಿಯೂದು ಬ್ಯಾರೆ, ಹಿಂದ ನಿಂತು ದಬ್ಬೂದು ಬ್ಯಾರೆ.”

“ಗಾಡಿ ಹಿಂದ ಎತ್ತು ಕಟ್ಟಿದಂಗಾತಲ್ಲೋ,” ಎಂದ ಫಕೀರಸಾಬ ಚಹಾ ಸೋಸುತ್ತ.

ಕ್ರೋನ್‌ಬರ್ಗ್ ಎಂಬುದು ವೆಲಾಂಟೆಗೆ ಎದುರಾಳಿಯಾದ ಜರ್ಮನಿಯ ಕಾರು. ನಬಿಸಾಬ ಅದರ ಪಕ್ಷ ಹಿಡಿಯಲು ಇಂಜಿನ್ನಿಗಿಂತ ಹೆಸರು ಕಾರಣ. ಗುಲ್ಬರ್ಗಾದ ಹಾಗೆ ಕೇಳಿಸುವ ಕಾರು ಕೆಟ್ಟದ್ದಿರಲು ಸಾಧ್ಯವಿಲ್ಲ ಎಂಬುದು ಅವನ ವಾದ. ಮಾಸ್ತರರು ಒಪ್ಪುತ್ತಿರಲಿಲ್ಲ. “ಜರ್ಮನಿ ಗಾಡಿ ಅದು. ಅದಕ್ಕ ನಗಾಕ ಬರಂಗಿಲ್ಲ,” ಎನ್ನುತ್ತಿದ್ದರು. ಹಿಂದೊಮ್ಮೆ ಚರ್ಮದ ಸೀಟಿನ ಬಣ್ಣದ ವಿಷಯಕ್ಕೆ ಇಬ್ಬರೂ ಒಂಬತ್ತು ದಿನ ಮಾತು ಬಿಟ್ಟಿದ್ದರು. ಆ ಒಂಬತ್ತು ದಿನ ಒಂದು ಬೆಂಚಿನ ಮಾತನ್ನು ಇನ್ನೊಂದು ಬೆಂಚಿಗೆ ತಲುಪಿಸಿದವನು ಅಂಬ್ರಪ್ಪ.

ಅಂಬ್ರಪ್ಪ ಎದುರಿನ ಕಾಲುವೆ ಕಚೇರಿಯಲ್ಲಿ ಆವಕ-ಜಾವಕ ಗುಮಾಸ್ತ. ಬಂದ ಕಾಗದಕ್ಕೆ ಒಂದು ನಂಬರು, ಹೋದ ಕಾಗದಕ್ಕೆ ಇನ್ನೊಂದು ನಂಬರು ಕೊಡುವುದು ಅವನ ಕೆಲಸ. ಹದಿನೆಂಟು ವರ್ಷ ಇದನ್ನು ಮಾಡಿದವನಿಗೆ ಜಗತ್ತಿನಲ್ಲಿ ಎಲ್ಲವೂ ತನ್ನ ಮೂಲಕ ಹಾದುಹೋಗುತ್ತದೆ, ಯಾವುದೂ ತನಗಾಗಿ ಬರುವುದಿಲ್ಲ ಎಂಬ ತಿಳಿವಳಿಕೆ ಬಂದಿತ್ತು. ಅವನ ವಾಹನ ಸೈಕಲ್ಲು. ಕಾರಿನ ಚರ್ಚೆಗೆ ಅವನು ದಿನಾ ಬರುತ್ತಿದ್ದ, ಕೇಳುತ್ತಿದ್ದ, ಕಿಟಲಿಯ ತಳದ ಚಹಾ ಕುಡಿದು ಹೋಗುತ್ತಿದ್ದ. ಅವನನ್ನು ಯಾರೂ ಏನೂ ಕೇಳುತ್ತಿರಲಿಲ್ಲ.

ಆ ಬುಧವಾರ ಜಗಳ ಬಾಗಿಲಿಗೆ ಬಂದು ನಿಂತಿತ್ತು. ಹೊಸ ವೆಲಾಂಟೆಯ ಬಾಗಿಲು ಪಕ್ಕಕ್ಕೆ ತೆರೆಯದೆ ರೆಕ್ಕೆಯಂತೆ ಮೇಲಕ್ಕೆ ಏಳುತ್ತಿತ್ತು. ಇದು ಪ್ರಗತಿಯೋ ಅಧೋಗತಿಯೋ ಎಂದು ಮಾಸ್ತರರೂ ನಬಿಸಾಬನೂ ಅರ್ಧ ತಾಸಿನಿಂದ ಬಡಿದಾಡುತ್ತಿದ್ದರು. ಅಂಬ್ರಪ್ಪ ನಡುವೆ ಬಾಯಿ ಹಾಕಿದ.

“ಬಾಗಿಲು ಮ್ಯಾಲ ಎದ್ರ ಮಳಿ ಬಂದಾಗ ಹೆಂಗ್ರಿ?”

ಮಾಸ್ತರರು ಕನ್ನಡಕ ತೆಗೆದು ಅವನನ್ನು ನೋಡಿದರು. “ಅಂಬ್ರಪ್ಪ, ಸೈಕಲ್ ಮ್ಯಾಲ ತಿರಗೋರಿಗಿ ಇದು ತಿಳಿಯಂಗಿಲ್ಲ. ಹಂತಾದೊಂದು ಗಾಡಿ ನೀವು ಜಲ್ಮದಾಗ ಕಣ್ಣಿಲೆ ಕಂಡೀರೇನು?”

ಅಂಬ್ರಪ್ಪ ಕಂಡಿದ್ದ. ಎರಡು ವರ್ಷದ ಹಿಂದೆ ಹೆಂಡತಿಯ ಕಡೆಯವರ ಮದುವೆಗೆ ಹೈದರಾಬಾದಿಗೆ ಹೋದಾಗ, ಒಂದು ದೊಡ್ಡ ಹೋಟೆಲಿನ ಮುಂದೆ ಹಳೆಯ ಮಾದರಿಯ ವೆಲಾಂಟೆ ನಿಂತಿತ್ತು. ಅದರ ಹಿಂದೆ ಇಪ್ಪತ್ತು ನಿಮಿಷ ನಿಂತು ನೋಡಿದ್ದ, ಕಾವಲುಗಾರ ಬಂದು “ಹಟೋ” ಎನ್ನುವವರೆಗೆ. ಯಾರೂ ಕೇಳಿರಲಿಲ್ಲವಾದ್ದರಿಂದ ಯಾರಿಗೂ ಹೇಳಿರಲಿಲ್ಲ. ಇವತ್ತು ಕೇಳಿದರು. ‘ನೋಡೀನಿ’ ಎಂದರೆ ಮುಗಿಯುತ್ತಿತ್ತು. ಆದರೆ ಅದೇ ಹೊತ್ತಿಗೆ ಅವನು ಚಹಾದ ದೊಡ್ಡ ಗುಟುಕು ಬಾಯಿಗೆ ಹಾಕಿಕೊಂಡಿದ್ದ. ಅದು ಕುದಿಯುತ್ತಿತ್ತು. ಅವಮಾನ ಒಂದು ಕಡೆ, ಸುಟ್ಟ ನಾಲಿಗೆ ಇನ್ನೊಂದು ಕಡೆ.

“ನಡಸೀನಿ!” ಎಂದುಬಿಟ್ಟ.

ಸುರಪುರದ ಬಸ್ಸು ಹಾರ್ನು ಹೊಡೆದು ಹೋದದ್ದು ಯಾರಿಗೂ ಕೇಳಿಸಲಿಲ್ಲ. ತಪ್ಪನ್ನು ತಿದ್ದಲು ಅಂಬ್ರಪ್ಪನಿಗೆ ಸರಿಯಾಗಿ ಒಂದು ನಿಮಿಷವಿತ್ತು. ಆ ನಿಮಿಷದಲ್ಲಿ ಫಕೀರಸಾಬ ಬಂದು ಅವನ ಕೈಯ ಕಪ್ಪು ಇಸಿದುಕೊಂಡು, ಹೊಸದಾಗಿ ಸೋಸಿದ, ಅಂಚಿನವರೆಗೆ ತುಂಬಿದ ಚಹಾ ಕೊಟ್ಟ. ಹಾಲಿನ ಕೆನೆಯೂ ಇತ್ತು. ಹದಿನೆಂಟು ವರ್ಷದಲ್ಲಿ ಮೊದಲ ಸಲ. ಅಂಬ್ರಪ್ಪ ಕೆನೆಯನ್ನು ನೋಡಿದ. ನಿಮಿಷ ಮುಗಿಯಿತು.

“ಎಲ್ಲಿ?” ಎಂದ ನಬಿಸಾಬ.

“ಹೈದರಾಬಾದಿನಾಗ.” ಇಷ್ಟು ನಿಜವಿತ್ತು.

“ಎಕ್ಸಲೇಟರ್ ಒತ್ತಿದ್ರ ಹೆಂಗ ಹೋಗ್ತದ?”

ಅಂಬ್ರಪ್ಪ ವಿಚಾರ ಮಾಡಿದ. “ಒತ್ತೂದು ಬ್ಯಾಡ್ರಿ. ಒತ್ತಬೇಕು ಅಂತ ಅನಕೊಂಡ್ರ ಸಾಕು.”

ಮಾಸ್ತರರು ಬೆಂಚಿನ ತುದಿಗೆ ಜರುಗಿದರು. “ಮತ್ತ ಗೇರು?”

“ಗೇರಿನ ಕಡಿ ನಾ ಕೈ ಹಾಕೇ ಇಲ್ರಿ.”

ಮಾಸ್ತರರು ಪತ್ರಿಕೆಯ ಹಾಳೆ ತಿರುವಿದರು. ನಲವತ್ತೇಳನೆಯ ಪುಟದಲ್ಲಿ ಬೆರಳಿಟ್ಟರು. ಈ ಕಾರಿನಲ್ಲಿ ಗೇರು ತಾನೇ ಬದಲಾಗುತ್ತದೆ, ಚಾಲಕ ಕೈ ಹಾಕಬೇಕಾಗಿಲ್ಲ ಎಂದು ಅಲ್ಲಿ ಬರೆದಿತ್ತು.

“ಬರಾಬರಿ ಅದ,” ಎಂದರು ಮಾಸ್ತರರು. ಒಂದು ಪ್ರಮೇಯ ಸಿದ್ಧವಾದ ಮೇಲೆ ಕರಿಹಲಗೆಯ ಮುಂದೆ ಅವರು ಹಾಗೇ ನಿಲ್ಲುತ್ತಿದ್ದರು.

ಅಂದಿನಿಂದ ಎಲ್ಲ ತಕರಾರುಗಳೂ ಅಂಬ್ರಪ್ಪನ ಮುಂದೆ ತೀರ್ಮಾನಕ್ಕೆ ಬಂದವು. ಹಳೆಯ ದೀಪ ಚಂದವೋ ಹೊಸದೋ ಎಂದರೆ, “ಒಳಗ ಕುಂತವ್ರಿಗಿ ದೀಪ ಕಾಣಂಗಿಲ್ರಿ,” ಎನ್ನುತ್ತಿದ್ದ. ಇಂಜಿನ್ ಮುಂದಿರಬೇಕೋ ಹಿಂದೋ ಎಂದರೆ, “ಓಡೂ ಹೊತ್ತಿಗಿ ಅದೇನೂ ನೆನಪಿರಂಗಿಲ್ರಿ,” ಎನ್ನುತ್ತಿದ್ದ. ಎರಡೂ ಪಕ್ಷದವರು ಇದನ್ನು ತಮ್ಮ ಪರವಾದ ತೀರ್ಪೆಂದು ಒಪ್ಪಿ ಚಹಾ ಹೇಳುತ್ತಿದ್ದರು.

ಸುದ್ದಿ ಅಂಗಡಿಯಲ್ಲೇ ಉಳಿದಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಆದರೆ ಅದು ಶುಕ್ರವಾರದ ಹೊತ್ತಿಗೆ ಅಂಬ್ರಪ್ಪನ ಓಣಿ ಸೇರಿತು. ಪಕ್ಕದ ಮನೆಯ ಸಾಯಬಮ್ಮ ನಳದ ಮುಂದೆ ಕೊಡ ಇಟ್ಟು ಅಂಬ್ರಪ್ಪನ ಹೆಂಡತಿಯನ್ನು ಕೇಳಿದಳು.

“ಏನವ್ವ ಅಯ್ಯಮ್ಮ, ನಿನ್ನ ಗಂಡ ವಿಮಾನದಂಥಾ ಕಾರು ನಡಸ್ಯಾನಂತ? ರೆಕ್ಕಿ ಅದಾವಂತ ಅದಕ್ಕ?”

“ನಮ್ಮನಿಯವ್ರೇನು?” ಎಂದಳು ಅಯ್ಯಮ್ಮ. “ಸೈಕಲ್ಲಿಗಿ ಸ್ಟ್ಯಾಂಡ್ ಹಾಕಾಕ ಬರಂಗಿಲ್ಲ ಅವ್ರಿಗಿ. ಗ್ವಾಡಿಗಿ ಆನಸಿ ಬರ್ತಾರ.”

ಆದರೆ ಭಾನುವಾರ ಕೆಂಭಾವಿಯ ಬಸ್ಸಿನಿಂದ ಅವಳ ತಾಯಿ ಲಾಲಮ್ಮ ಇಳಿದಳು. ಕೈಯಲ್ಲಿ ಸಜ್ಜೆ ರೊಟ್ಟಿಯ ಗಂಟು, ಮುಖದಲ್ಲಿ ಹೆಮ್ಮೆ. ಅಳಿಯನನ್ನು ಕಂಡವಳೇ ಸೆರಗು ಸರಿಮಾಡಿಕೊಂಡಳು. ಹಿಂದೆಂದೂ ಅವಳು ಅವನೆದುರು ಹಾಗೆ ಮಾಡಿರಲಿಲ್ಲ.

“ಅಳಿಯಂದ್ರ, ಕೆಂಭಾವಿ ಸಂತಿಯಾಗ ಎಲ್ಲಾರೂ ನಿಮ್ಮದೇ ಮಾತು. ನಾ ಅಂದೆ, ಅವ್ರು ಮೊದಲಿಂದೂ ಹಂಗೇ, ತೋರಸಕೊಳ್ಳಂಗಿಲ್ಲ ಅಂತ. ನನ್ನ ಒಮ್ಮಿ ತಿಂಥಣಿ ಮೌನೇಶ್ವರನ ಗುಡಿಗಿ ಕರಕೊಂಡ ಹೋಗ್ರಿ. ಜೋರಾಗಿ ಬ್ಯಾಡ. ಎದಿ ಹೊಡಕೊಂತದ.”

ಅಂಬ್ರಪ್ಪ “ಆಗಲಿ ಅತ್ತಿ” ಎಂದು ಸಂಡಾಸಿನ ಕಡೆ ಹೋದ. ಅಲ್ಲಿ ಬಹಳ ಹೊತ್ತು ಇದ್ದ.

ಸೋಮವಾರ ಬೆಳಿಗ್ಗೆ ಕಚೇರಿಯಲ್ಲಿ ಎಇಇ ಸಾಹೇಬರು ಕರೆಸಿದರು. ಅವರು ಉಪವಿಭಾಗದ ಮುಖ್ಯಸ್ಥರು. ತುಮಕೂರಿನ ಕಡೆಯವರಾದ್ದರಿಂದ ಇಲ್ಲಿಯವರೆಲ್ಲ ತಮ್ಮನ್ನು ಬೈಯುತ್ತಿದ್ದಾರೆಂದು ಮೊದಲ ಆರು ತಿಂಗಳು ತಿಳಿದಿದ್ದರು. ಆಮೇಲೆ ಇದು ಇಲ್ಲಿಯ ಮರ್ಯಾದೆಯ ಭಾಷೆ ಎಂದು ಗೊತ್ತಾಗಿತ್ತು.

ಅವತ್ತು ಸಾಹೇಬರ ಕಷ್ಟ ದೊಡ್ಡದಿತ್ತು. ಕಾಲುವೆಯ ತುದಿಯ ಊರುಗಳಿಗೆ ಇಪ್ಪತ್ತೆರಡು ದಿನದಿಂದ ಹನಿ ನೀರು ಹೋಗಿರಲಿಲ್ಲ. ಶೇಂಗಾ ಹೂವಿಗೆ ಬಂದು ಬಾಡುತ್ತಿತ್ತು. ತುದಿಯವರು ಬಂದು ಕಚೇರಿಗೆ ಬೀಗ ಹಾಕುತ್ತೇವೆಂದು ಹೇಳಿ ಹೋಗಿದ್ದರು. ನಾರಾಯಣಪುರದಿಂದ ದೊಡ್ಡ ಸಾಹೇಬರು ಹನ್ನೆರಡು ಗಂಟೆಗೆ ನೇರವಾಗಿ ಕಾಲುವೆಯ ಕೊನೆಯ ಗೇಟಿಗೆ ಬರುವವರಿದ್ದರು. ಅದು ಹನ್ನೊಂದು ಮೈಲಿ ದೂರ. ಜೀಪಿನ ಡ್ರೈವರು ಮೌನಪ್ಪ ಬಸುರಿ ಮಗಳ ಕುಬಸದ ಕಾರ್ಯಕ್ಕೆ ರಜೆ ಹಾಕಿದ್ದ. ಸಾಹೇಬರಿಗೆ ಜೀಪು ನಡೆಸಲು ಬರುತ್ತಿರಲಿಲ್ಲ. ಸರ್ಕಾರ ಡ್ರೈವರನ್ನು ಕೊಟ್ಟಿರುವಾಗ ತಾವೇ ಕಲಿಯುವುದು ಸರ್ಕಾರದ ಮೇಲೆ ಅಪನಂಬಿಕೆ ತೋರಿಸಿದಂತೆ ಎಂದು ಅವರ ಭಾವನೆ.

“ಅಂಬ್ರಪ್ಪ, ಇಷ್ಟು ದೊಡ್ಡ ವಿದ್ಯೆ ಇಟ್ಕೊಂಡು ಸುಮ್ನಿದ್ದೀರಲ್ರೀ,” ಎಂದರು. “ಜೀಪು ತೆಗೀರಿ.”

“ಸಾಹೇಬ್ರ, ನನಗ ಜೀಪು ಬರಂಗಿಲ್ರಿ.”

“ದೊಡ್ಡ ಗಾಡಿ ಓಡಿಸಿದವರಿಗೆ ಜೀಪು ಸಣ್ಣದಾಗಿ ಕಾಣುತ್ತೆ. ಏನ್ಮಾಡೋದು, ಇಲಾಖೆಯಲ್ಲಿ ಇರೋದು ಇದೇ.”

“ಲೈಸೆನ್ಸ್ ಇಲ್ರಿ ಸಾಹೇಬ್ರ!” ಎಂದ ಅಂಬ್ರಪ್ಪ. ಬಾಗಿಲು ಸಿಕ್ಕಿತೆಂಬ ಸಂತೋಷದಲ್ಲಿ ಧ್ವನಿ ಜೋರಾಯಿತು.

“ಕಾಲುವೆ ಏರಿ ಮೇಲಿನ ರಸ್ತೆ ನಮ್ಮ ಇಲಾಖೆದು. ಅಲ್ಲಿ ಆರ್‌ಟಿಓ ಬರೋಲ್ಲ, ಎಮ್ಮೆ ಬರುತ್ತೆ. ಏರಿ ಮೇಲೇ ಹೋಗೋಣ.”

ಅಂಬ್ರಪ್ಪ ನಬಿಸಾಬನ ಗ್ಯಾರೇಜಿಗೆ ಓಡಿದ. ಅವನ ಮುಂದೆಯೂ ನಿಜ ಹೇಳುವ ಧೈರ್ಯ ಬರಲಿಲ್ಲ. “ನಬಿಸಾಬ, ಬಾಳ ದಿನ ಆತು. ಜೀಪಿಗೂ ವೆಲಾಂಟಿಗೂ ಏನೇನು ಫರಕ್ ಅದ, ಜರಾ ನೆನಪು ಮಾಡ್ರಿ,” ಎಂದ.

ನಬಿಸಾಬನಿಗೆ ಇಂಥ ಗೌರವ ಎಂದೂ ಸಿಕ್ಕಿರಲಿಲ್ಲ. ಜೀಪಿನ ಬಳಿ ಬಂದು ಒಂದೊಂದನ್ನೇ ಮುಟ್ಟಿ ತೋರಿಸಿದ. “ಇದು ಕ್ಲಚ್ಚು. ನಿಮ್ಮದರಾಗ ಇರಂಗಿಲ್ಲ. ಇದನ್ನ ಒತ್ತಿ, ಗೇರು ಹಿಂಗ ಹಾಕಿ, ಮೆಲ್ಲಕ ಬಿಡ್ರಿ. ಇದು ಎಕ್ಸಲೇಟರ್. ಜೀಪಿಗಿ ಅನಕೊಂಡ್ರ ಸಾಕಾಗಂಗಿಲ್ಲ, ಒತ್ತಬೇಕಾಗ್ತದ. ಇನ್ನ ನಿಲ್ಸೂದು ಎಲ್ಲಾದಕ್ಕೂ ಒಂದೇ, ನಿಮಗ ಹೇಳೂದೇನದ.”

ಒಂಬತ್ತೂವರೆಗೆ ಜೀಪು ಹೊರಟಿತು. ಮುಂದೆ ಅಂಬ್ರಪ್ಪ, ಪಕ್ಕದಲ್ಲಿ ಸಾಹೇಬರು. ಹಿಂದೆ ನಬಿಸಾಬ ಮತ್ತು ಭಗವಂತರಾಯ ಮಾಸ್ತರರು. ಮಾಸ್ತರರು ವೆಲಾಂಟೆಯ ಚಾಲಕನನ್ನು ಕಣ್ಣಾರೆ ನೋಡಲೆಂದೇ ಶಾಲೆಗೆ ಅರ್ಧ ದಿನ ರಜೆ ಹಾಕಿದ್ದರು. ಫಕೀರಸಾಬ ಒಲೆ ಬಿಟ್ಟು ರಸ್ತೆಗೆ ಬಂದು ನಿಂತಿದ್ದ. ಜೀಪು ಮೂರು ಸಲ ಬಿಕ್ಕಿ, ಒಮ್ಮೆ ಹಾರಿ, ಏರಿಯ ರಸ್ತೆ ಸೇರಿತು. ಅಲ್ಲಿಂದ ಮುಂದೆ ಅದು ಒಂದನೇ ಗೇರಿನಲ್ಲೇ ನಡೆಯಿತು. ಅಂಬ್ರಪ್ಪನಿಗೆ ಗೊತ್ತಿದ್ದ ಗೇರು ಅದೊಂದೇ.

ಇಂಜಿನ್ ಕೂಗುತ್ತಿತ್ತು. ಜೀಪು ಎತ್ತಿನ ಬಂಡಿಯ ಹೆಜ್ಜೆಯಲ್ಲಿ ಹೋಗುತ್ತಿತ್ತು. ಅಂಬ್ರಪ್ಪನ ಬೆನ್ನು ಮರದ ಹಲಗೆಯಂತೆ ನೆಟ್ಟಗಾಗಿತ್ತು. ಎಡಕ್ಕೆ ಕಾಲುವೆ, ಬಲಕ್ಕೆ ಇಳಿಜಾರು. ಎರಡರಲ್ಲಿ ಯಾವುದಕ್ಕೆ ಬಿದ್ದರೆ ಕಡಿಮೆ ಮಂದಿ ನಗುತ್ತಾರೆಂದು ಅವನು ಲೆಕ್ಕ ಹಾಕುತ್ತಿದ್ದ. ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತ ಮುದುಕಿಯೊಬ್ಬಳು ಹಿಂದಿನಿಂದ ಬಂದು, ಕಿಟಕಿಯೊಳಗೆ ಇಣುಕಿ, ಅವರನ್ನು ದಾಟಿ ಹೋದಳು.

“ಯಾಕ್ರೀ ಇಷ್ಟು ನಿಧಾನ?” ಎಂದರು ಸಾಹೇಬರು.

ಉತ್ತರ ಹಿಂದಿನಿಂದ ಬಂತು. “ದೊಡ್ಡ ಡ್ರೈವರಗೋಳು ಗಾಡಿ ಮೊದಲು ಹದಕ್ಕ ತರ್ತಾರ್ರಿ,” ಎಂದರು ಮಾಸ್ತರರು. “ಇಟಲಿಯಾಗ ಹಿಂಗೇ ಮಾಡ್ತಾರ.” ನಬಿಸಾಬ ಇಂಜಿನ್ನಿನ ಕೂಗನ್ನು ಕೇಳುತ್ತಿದ್ದ. ಮಾಸ್ತರರು ಅವನತ್ತ ತಿರುಗಿ, ಹೊಸ ವೆಲಾಂಟೆಯ ಹಿಂಭಾಗವನ್ನು ಕತ್ತರಿಸಿದ್ದು ಅನ್ಯಾಯ ಎಂದು ಶುರುಮಾಡಿದರು. ನಬಿಸಾಬ ಅದಕ್ಕೆ ಎದುರಾಡಲಿಲ್ಲ. ಹತ್ತು ವರ್ಷದಲ್ಲಿ ಹೀಗಾದದ್ದು ಮೊದಲ ಸಲ.

ಎರಡನೇ ಮೈಲಿಯಲ್ಲಿ ಜೀಪು ದಡಕ್ ಎಂದಿತು. ಸ್ವಲ್ಪ ಮುಂದೆ ಮತ್ತೆ ದಡಕ್ ಎಂದಿತು.

“ಇದೇನ್ರೀ ಅದು?” ಎಂದು ಸಾಹೇಬರು ಹೊರಗೆ ತಲೆ ಹಾಕಿದರು. ರಸ್ತೆಗೆ ಅಡ್ಡಲಾಗಿ, ಮೇಲೆ ತೆಳ್ಳಗೆ ಮಣ್ಣು ಎಳೆದ ಒಂದು ಕರಿಯ ಪೈಪು. ಒಂದು ತುದಿ ಕಾಲುವೆಯಲ್ಲಿ ಮುಳುಗಿತ್ತು. ಇನ್ನೊಂದು ತುದಿ ಜಾಲಿ ಮುಳ್ಳಿನ ಮರೆಯಿಂದ ಕೆಳಗಿನ ಗದ್ದೆಗೆ ಇಳಿದಿತ್ತು. ಗದ್ದೆಯಲ್ಲಿ, ಯಾರೂ ಬೆಳೆಯಕೂಡದೆಂದು ಇಲಾಖೆ ಹೇಳಿದ್ದ ಭತ್ತ ಮೊಳಕಾಲುದ್ದ ನಿಂತಿತ್ತು.

ಸಾಹೇಬರು ಈ ರಸ್ತೆಯಲ್ಲಿ ನಾಲ್ಕು ವರ್ಷದಲ್ಲಿ ನೂರು ಸಲ ಹೋಗಿದ್ದರು. ಮೌನಪ್ಪ ಜೀಪನ್ನು ಗಂಟೆಗೆ ನಲವತ್ತು ಮೈಲಿ ಓಡಿಸುತ್ತಿದ್ದ. ಆ ವೇಗದಲ್ಲಿ ಪೈಪುಗಳೆಲ್ಲ ಕೂಡಿ ಕೆಟ್ಟ ರಸ್ತೆಯಾಗಿಬಿಡುತ್ತಿದ್ದವು. ರಸ್ತೆ ಕೆಟ್ಟಿದೆ ಎಂದು ಸಾಹೇಬರು ಎರಡು ಸಲ ವರದಿಯನ್ನೂ ಬರೆದಿದ್ದರು. ಇವತ್ತು ಅಂಬ್ರಪ್ಪನ ಹೆಜ್ಜೆಯಲ್ಲಿ ಒಂದೊಂದು ಪೈಪೂ ಬೇರೆ ಬೇರೆಯಾಗಿ ಬೆನ್ನಿಗೆ ತಾಗಿತು. ಅವರು ಜೇಬಿನಿಂದ ಚೀಟಿ ತೆಗೆದು ಗೀಟು ಎಳೆಯತೊಡಗಿದರು.

“ಹಿಂಗೇ ಹೋಗ್ರೀ ಅಂಬ್ರಪ್ಪ,” ಎಂದರು ಪಿಸುಮಾತಿನಲ್ಲಿ. “ಜೋರು ಮಾಡಬೇಡಿ.”

“ಮಾಡಂಗಿಲ್ರಿ,” ಎಂದ ಅಂಬ್ರಪ್ಪ. ಇಂಥ ಪ್ರಾಮಾಣಿಕ ಭರವಸೆಯನ್ನು ಆ ಇಲಾಖೆಯಲ್ಲಿ ಯಾರೂ ಕೊಟ್ಟಿರಲಿಲ್ಲ.

ಅಷ್ಟರಲ್ಲಿ ಗದ್ದೆಯವರು ಜೀಪನ್ನು ನೋಡಿದ್ದರು. ಜೀಪು ಬರುವುದು ಅವರಿಗೆ ಹೊಸದಲ್ಲ. ಧೂಳೆಬ್ಬಿಸಿ ಬರುತ್ತದೆ, ಧೂಳೆಬ್ಬಿಸಿ ಹೋಗುತ್ತದೆ. ಇಷ್ಟು ನಿಧಾನ ಬರುವ ಜೀಪನ್ನು ಅವರು ಕಂಡಿರಲಿಲ್ಲ. ಬದುವಿನ ಮೇಲೆ ಕುಳಿತಿದ್ದ ಮರಿಲಿಂಗಪ್ಪನೆಂಬ ಭತ್ತದ ರೈತ ಎದ್ದು ನಿಂತ. ಅವನದೇ ಎರಡು ಪೈಪುಗಳಿದ್ದವು.

“ಡ್ರೈವರ್ ಬದಲಾಗ್ಯಾನ,” ಎಂದ ಪಕ್ಕದವನಿಗೆ. “ಹೈದರಾಬಾದಿನಿಂದ ತರಸ್ಯಾರಂತ. ಹಿಂದ ಕನ್ನಡಕದವನೊಬ್ಬ ಕುಂತಾನ ನೋಡು, ಬೆಂಗಳೂರು ಇಂಜಿನಿಯರೇ ಇರಬೇಕು. ಒಂದೊಂದೇ ಎಣಸಾಕತ್ತಾರ. ಕಿತ್ತು ಒಗಿ ಪೈಪು!”

ಒಬ್ಬ ಸೈಕಲ್ ಹತ್ತಿ ಜೀಪನ್ನು ಹಿಂದೆ ಹಾಕಿ ಮುಂದಿನ ಗದ್ದೆಗಳಿಗೆ ಸುದ್ದಿ ಮುಟ್ಟಿಸಿದ. ನಾಲ್ಕನೇ ಮೈಲಿಯಿಂದ ಅಂಬ್ರಪ್ಪನ ಮುಂದೆ ವಿಚಿತ್ರ ದೃಶ್ಯ ಕಂಡಿತು. ಎರಡೂ ದಂಡೆಯಲ್ಲಿ ಜನ ಕಾಲುವೆಯಿಂದ ಪೈಪು ಎಳೆಯುತ್ತಿದ್ದರು. ಕೆಲವರು ಹೆಗಲ ಮೇಲೆ ಹೊತ್ತು ಜೋಳದ ಹೊಲದೊಳಗೆ ಓಡುತ್ತಿದ್ದರು. ಓಡಲಾಗದ ವಯಸ್ಸಾದ ರೈತನೊಬ್ಬ ಪೈಪನ್ನು ಕಾಲ ಕೆಳಗೆ ಹಾಕಿಕೊಂಡು, ಅದರ ಮೇಲೆ ಧೋತರ ಹರಡಿ ಕುಳಿತು, ಸಾಹೇಬರಿಗೆ ಎರಡೂ ಕೈಯೆತ್ತಿ ನಮಸ್ಕಾರ ಮಾಡಿದ. ಬಾಯಿಂದ ನೀರು ಕಾರುತ್ತಿದ್ದ ಪೈಪು ಅವನ ಧೋತರವನ್ನು ತೋಯಿಸುತ್ತಿತ್ತು.

ಗದ್ದೆಗೆ ಹೋಗುವ ದಾರಿಯಿಲ್ಲದ ನೀರು ಕಾಲುವೆಯಲ್ಲೇ ಮುಂದೆ ಹೊರಟಿತು. ನೀರಿಗೆ ಅವಸರವಿರಲಿಲ್ಲ, ಅಂಬ್ರಪ್ಪನಿಗೂ ಇರಲಿಲ್ಲ. ಜೀಪೂ ನೀರೂ ಒಂದರ ಪಕ್ಕ ಒಂದು, ಹಳೆಯ ಗೆಳೆಯರ ಹಾಗೆ, ಒಂದೇ ನಡಿಗೆಯಲ್ಲಿ ಹೋದವು.

ಕೊನೆಯ ಗೇಟಿನ ಬಳಿ ನಾರಾಯಣಪುರದ ದೊಡ್ಡ ಸಾಹೇಬರು ಕಾಯುತ್ತಿದ್ದರು. ಮುಖ ಕೆಂಪಾಗಿತ್ತು. ಅವರ ಸುತ್ತ ತುದಿಯ ಊರಿನ ನೂರು ಜನ ಸೇರಿ ಬೈಯುತ್ತಿದ್ದರು. ನೀರಿನ ಅಳತೆಯ ಕಲ್ಲು ಒಣಗಿ ನಿಂತಿತ್ತು. ದೊಡ್ಡ ಸಾಹೇಬರು ಎಇಇಯ ಮೇಲೆ ಏನೇನು ಕ್ರಮ ಕೈಗೊಳ್ಳಬೇಕೆಂದು ಮನಸ್ಸಿನಲ್ಲೇ ಬರೆದು ಸಹಿ ಹಾಕಿಯೂ ಆಗಿತ್ತು. ಅಷ್ಟರಲ್ಲಿ ದೂರದಲ್ಲಿ ಇಂಜಿನ್ನಿನ ಕೂಗು ಕೇಳಿಸಿತು. ಜನ ಅತ್ತ ತಿರುಗಿದರು. ಏರಿಯ ಮೇಲೆ ಜೀಪು ಬರುತ್ತಿತ್ತು. ಅದರ ಪಕ್ಕದಲ್ಲಿ, ಕಸಕಡ್ಡಿ ನೂಕುತ್ತ, ನೀರು ಬರುತ್ತಿತ್ತು.

ಅಳತೆಯ ಕಲ್ಲಿನ ಬುಡ ತೊಯ್ದಿತು. ಮೊದಲ ಗೀಟು ಮುಳುಗಿತು. ಎರಡನೆಯದು ಮುಳುಗಿತು.

ಜೀಪು ನಿಲ್ಲುವ ಲಕ್ಷಣ ತೋರಿಸಲಿಲ್ಲ. ನಿಲ್ಲಿಸುವುದು ಹೇಗೆಂದು ಅಂಬ್ರಪ್ಪನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ದೊಡ್ಡ ಸಾಹೇಬರ ಮುಂದೆ ಹಾದು, ಜನರನ್ನು ಎರಡು ಭಾಗ ಮಾಡಿ, ದುರಸ್ತಿಗೆಂದು ಸುರಿದಿದ್ದ ಮರಳಿನ ಗುಡ್ಡೆಗೆ ಮೂತಿ ಒತ್ತಿ, ಒಮ್ಮೆ ಮೈ ಕೊಡವಿ ಜೀಪು ಆರಿತು.

“ಹೀಗ್ಯಾಕ್ರೀ ನಿಲ್ಲಿಸಿದ್ದು?” ಎಂದರು ದೊಡ್ಡ ಸಾಹೇಬರು.

“ಕೆಟ್ಟ ಬ್ರೇಕು ಹಾಕಿ ಧೂಳೆಬ್ಬಸಬಾರದು ಅಂತ್ರಿ,” ಎಂದರು ಮಾಸ್ತರರು ಕೆಳಗಿಳಿಯುತ್ತ. “ವೆಲಾಂಟಿ ನಡಸಿದವ್ರು.”

ಎಇಇ ಸಾಹೇಬರು ಚೀಟಿ ತೋರಿಸಿದರು. ಇಪ್ಪತ್ತಾರು ಗೀಟುಗಳಿದ್ದವು. ಎಲ್ಲ ಕಿತ್ತಾಗಿದೆ ಎಂದರು. ದೊಡ್ಡ ಸಾಹೇಬರು ನೀರನ್ನು ನೋಡಿದರು, ಅಂಬ್ರಪ್ಪನನ್ನು ನೋಡಿದರು. ನೀರಿಗೆ ಸರಿಯಾದ ವೇಗದಲ್ಲಿ ಜೀಪು ನಡೆಸುವ ವಿದ್ಯೆ ಎಲ್ಲಿ ಕಲಿತಿರಿ ಎಂದು ಕೇಳಿದರು.

ಅಂಬ್ರಪ್ಪನ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು. ಇನ್ನು ಸುಳ್ಳು ಹೇಳಲು ಅವನಲ್ಲಿ ಶಕ್ತಿ ಉಳಿದಿರಲಿಲ್ಲ. “ಸಾಹೇಬ್ರ, ನನಗ ಬರೂದೇ ಇಷ್ಟ್ರಿ,” ಎಂದ.

“ಎಷ್ಟು ವಿನಯ ನೋಡ್ರೀ,” ಎಂದು ದೊಡ್ಡ ಸಾಹೇಬರು ಅವನ ಹೆಗಲು ತಟ್ಟಿದರು. ತುದಿಯೂರಿನವರು ಅವನಿಗೆ ಹಾಕಲು ಹೂವಿನ ಮಾಲೆ ಹುಡುಕಿದರು. ಬೈಯಲು ಬಂದವರಾದ್ದರಿಂದ ಯಾರೂ ಮಾಲೆ ತಂದಿರಲಿಲ್ಲ. ಒಬ್ಬ ತನ್ನ ಟವೆಲ್ಲನ್ನೇ ಹೊದಿಸಿದ.

ಎಇಇ ಸಾಹೇಬರು ದೊಡ್ಡ ಸಾಹೇಬರ ಗಾಡಿಯಲ್ಲಿ ಡಾಂಬರು ರಸ್ತೆಯಿಂದ ಹೋದರು. ಜೀಪಿನಲ್ಲಿ ಮೂವರೇ ಉಳಿದರು. ನಬಿಸಾಬ ಏನೂ ಕೇಳದೆ ಸ್ಟೀರಿಂಗಿನ ಹಿಂದೆ ಕುಳಿತ. ಮಾಸ್ತರರು ಹಿಂದೆ ಮಲಗಿ ಗೊರಕೆ ಹೊಡೆಯತೊಡಗಿದ ಮೇಲೆ ಮೆಲ್ಲಗೆ ಹೇಳಿದ.

“ಅಂಬ್ರಪ್ಪನೋರ, ನೀವು ಯಾವ ಗಾಡಿನೂ ನಡಸಿಲ್ಲ.”

ಅಂಬ್ರಪ್ಪ ಕಾಲುವೆಯ ಕಡೆ ನೋಡಿದ. “ಇಲ್ಲ. ನೋಡೀನಿ ಅನ್ನಾಕ ಹೋಗಿ ನಡಸೀನಿ ಅಂದುಬಿಟ್ಟೆ. ಆಮ್ಯಾಲ ನೀವೆಲ್ಲಾ ಮಾತಾಡಸಾಕ ಹತ್ತಿದ್ರಿ. ಹಿಂದ ಸರಿಲಾಕ ಮನಸ್ಸಾಗಲಿಲ್ಲ.”

“ಮೊದಲನೇ ಫರ್ಲಾಂಗಿನಾಗೇ ತಿಳೀತು. ಇಂಜಿನ್ ಸುಳ್ಳು ಹೇಳಂಗಿಲ್ಲ.”

“ಮತ್ತ ಯಾಕ ಸುಮ್ಕಿದ್ರಿ?”

ನಬಿಸಾಬ ಗೇರು ಬದಲಿಸಿದ. ಜೀಪು ನಿಟ್ಟುಸಿರು ಬಿಟ್ಟಂತೆ ಮೆತ್ತಗಾಯಿತು. “ಏರಿ ಮ್ಯಾಲ ಹೇಳಿದ್ರ ನಿಮ್ಮ ಕೈ ನಡಗಿ ಎಲ್ಲಾರೂ ನೀರಾಗ ಬೀಳ್ತಿದ್ವಿ,” ಎಂದ. ಸ್ವಲ್ಪ ದೂರ ಹೋದ ಮೇಲೆ ಮತ್ತೆ ಕೇಳಿದ. “ಖರೇನೇ ನೋಡೀರೇನು ಅದನ್ನ?”

“ನೋಡೀನಿ. ಹಿಂದಿನಿಂದ. ಇಪ್ಪತ್ತು ಮಿಂಟು.”

“ನಾ ಯಾವದೂ ನೋಡಿಲ್ರಿ. ವೆಲಾಂಟಿನೂ ಇಲ್ಲ, ಕ್ರೋನ್‌ಬರ್ಗಾನೂ ಇಲ್ಲ. ಬರೇ ಪಟ ನೋಡಿ ಹತ್ತು ವರ್ಷ ಜಗಳಾಡೀನಿ.” ನಬಿಸಾಬನ ಕಣ್ಣು ರಸ್ತೆಯ ಮೇಲಿತ್ತು. “ಹೆಂಗಿತ್ತು?”

“ಆಗಷ್ಟೇ ಮಳಿ ನಿಂತಿತ್ತು,” ಎಂದ ಅಂಬ್ರಪ್ಪ. “ನೇರಳಿ ಹಣ್ಣಿನ ಬಣ್ಣ. ಅದರ ಮ್ಯಾಲ ಹನಿ ಕುಂತಿದ್ವು. ಒಂದೂ ಜಾರಲಿಲ್ಲ, ಹಂಗೇ ಕುಂತಿದ್ವು. ನನಗ ಒರಸಬೇಕು ಅನಸ್ತು.”

ನಬಿಸಾಬ ತಲೆಯಾಡಿಸಿದ.

ಅಂದು ಮನೆಯಲ್ಲಿ ಅಂಬ್ರಪ್ಪ ಅಯ್ಯಮ್ಮನಿಗೂ ಎಲ್ಲವನ್ನೂ ಹೇಳಿದ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಕೇಳಿದಳು. ಕೊನೆಗೆ, “ನಮ್ಮವ್ವಗ ಹೇಳಬ್ಯಾಡ್ರಿ. ಬಾಳ ದಿನದ ಮ್ಯಾಲ ನಿಮ್ಮ ಬಗ್ಗಿ ಒಂದು ಚಲೋ ಮಾತಾಡ್ಯಾಳ,” ಎಂದಳು. ಒಂದು ರೊಟ್ಟಿ ತಿರುವಿ ಹಾಕಿ, “ನೀರು ಖರೇನೇ ಬಂತೇನ್ರಿ?” ಎಂದಳು.

ಅದನ್ನು ನೋಡಲೆಂದೇ ಮುಂದಿನ ಭಾನುವಾರ ಇಬ್ಬರೂ ಬಸ್ಸಿನಲ್ಲಿ ತುದಿಯ ಊರಿಗೆ ಹೋದರು. ಬಸ್ಸು ಇಳಿದು ಒಂದು ಮೈಲಿ ನಡೆದರು. ಊರ ಕೊನೆಯ ಹೊಲದಲ್ಲಿ ಮಲ್ಲಿಕಮ್ಮನೆಂಬ ಮುದುಕಿ ಸೀರೆ ಎತ್ತಿ ಕಟ್ಟಿ, ಸಲಿಕೆ ಹಿಡಿದು, ಶೇಂಗಾದ ಸಾಲಿನಿಂದ ಸಾಲಿಗೆ ನೀರು ತಿರುಗಿಸುತ್ತಿದ್ದಳು. ಬಾಡಿದ್ದ ಎಲೆಗಳು ಮೇಲೆದ್ದಿದ್ದವು. ಬದುವಿನ ಮೇಲೆ ನಿಂತವರನ್ನು ಕಂಡು ಕೇಳಿದಳು.

“ಯಾರಪ್ಪ ನೀವು?”

“ಕಾಲುವೆ ಆಫೀಸಿನಾಗ ಗುಮಾಸ್ತ ಅದೀನವ್ವ,” ಎಂದ ಅಂಬ್ರಪ್ಪ. “ಕಾಗದಕ್ಕ ನಂಬರ್ ಹಾಕ್ತೀನಿ.”

ಮಲ್ಲಿಕಮ್ಮನಿಗೆ ಅದರಲ್ಲಿ ಆಸಕ್ತಿ ಹುಟ್ಟಲಿಲ್ಲ. ಸಲಿಕೆ ಊರಿ ನಿಂತಳು. “ಹಂಗಾದ್ರ ನಿಮಗ ಗೊತ್ತಿರಬೇಕು. ನಿಮ್ಮ ಆಫೀಸಿಗಿ ಯಾವನೋ ದೊಡ್ಡ ಡ್ರೈವರ್ ಬಂದಾನಂತಲ್ಲ. ಹೈದರಾಬಾದಿನಾಗ ರೆಕ್ಕಿ ಇರೋ ಕಾರು ನಡಸ್ಯಾನಂತ. ನೀರಿನ ಮೂಗದಾರ ಹಿಡದು ಇಲ್ಲೀತನ ಎಳಕೊಂಡ ಬಂದಾ ಅಂತಾರ. ಪುಣ್ಯಾತ್ಮ. ನಿಮಗ ಪರಿಚಯ ಅದೇನು?”

ಅಂಬ್ರಪ್ಪ ಬಾಯಿ ತೆರೆದ. ಯಾವ ಮಾತು ಬರುತ್ತಿತ್ತೋ ಗೊತ್ತಿಲ್ಲ. ಅಷ್ಟರಲ್ಲಿ ಅಯ್ಯಮ್ಮ ಅವನ ಅಂಗಿಯ ತೋಳು ಹಿಡಿದು ಹಿಂದಕ್ಕೆ ಸರಿಸಿದಳು.

“ಪರಿಚಯ ಅದವ್ವ,” ಎಂದಳು. “ದಿನಾ ಸಂಜಿಗಿ ಉಣ್ಣಾಕ ನಮ್ಮನಿಗೇ ಬರ್ತಾನ.”

“ಹಂಗಾದ್ರ ನಿಲ್ರಿ,” ಎಂದು ಮಲ್ಲಿಕಮ್ಮ ಬಗ್ಗಿ ಬದುವಿನ ಮೇಲಿದ್ದ ಪುಂಡಿ ಸೊಪ್ಪು ಒಂದು ಹಿಡಿ ಕಿತ್ತು, ಮಣ್ಣು ಝಾಡಿಸಿ, ಅಯ್ಯಮ್ಮನ ಉಡಿಗೆ ಹಾಕಿದಳು. “ಪಲ್ಯಾ ಮಾಡಿ ಹಾಕು ಅವನಿಗಿ. ಈ ಮುದುಕಿ ಕೊಟ್ಟಾಳಂತ ಹೇಳು.”

“ಹೇಳ್ತೀನವ್ವ,” ಎಂದಳು ಅಯ್ಯಮ್ಮ.